ಕಿಟಕಿ ತೆರೆಯಬೇಕೆ, ಮುಚ್ಚಬೇಕೆ? ಬೆಂಗಳೂರಿನ ಬೇಸಿಗೆಯ ಬಿಸಿಲು, ಹೊಗೆ ಮತ್ತು ಗುಡುಗು

ಪ್ರಶ್ನೆ: ನಾವು ರಾಜರಾಜೇಶ್ವರಿ ನಗರದಲ್ಲಿ ಮೂರನೆಯ ಮಹಡಿಯಲ್ಲಿ, ಅಂದರೆ ತಾರಸಿಯ ನೇರ ಕೆಳಗೆ ವಾಸವಾಗಿದ್ದೇವೆ. ಒಂಬತ್ತು ವರ್ಷದ ಮಗನಿಗೆ ಉಬ್ಬಸದ ತೊಂದರೆ ಇದೆ. ಎಪ್ಪತ್ತನಾಲ್ಕು ವರ್ಷದ ಮಾವನವರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದರೂ ಬೆಳಗಿನ ಐದೂವರೆಯ ವಾಕಿಂಗ್ ಬಿಡುವುದಿಲ್ಲ. ಪತಿ ಸಂಜೆ ವೈಟ್‌ಫೀಲ್ಡ್‌ನಿಂದ ಸ್ಕೂಟರಿನಲ್ಲಿ ಮರಳುತ್ತಾರೆ; ಆ ಹೊತ್ತಿನ ಗುಡುಗುಮಳೆಯದೂ ಭಯ. ಈ ಬೇಸಿಗೆ ವಾಡಿಕೆಗಿಂತ ಹೆಚ್ಚು ಬಿಸಿಯಾಗಿರುತ್ತದೆ ಎಂದು ಮುನ್ನೋಟ ಹೇಳುತ್ತಿದೆ. ಬೆಳಗಿನ ಜಾವ ಸುಟ್ಟ ವಾಸನೆ ಬರುತ್ತದೆ; ಅದು ಬಂಡೀಪುರದ ಕಾಡ್ಗಿಚ್ಚಿನ ಹೊಗೆ ಎಂದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ ಹರಿದಾಡುತ್ತಿದೆ. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಸೆಕೆ. ಈ ಸಲ 40 ಡಿಗ್ರಿ ದಾಟುತ್ತದೆಯೇ? ರಜೆ ಮುಗಿಯುವವರೆಗೆ ಮಗನನ್ನು ಕರೆದುಕೊಂಡು ದಾವಣಗೆರೆಯ ತವರಿಗೆ ಹೋಗಿಬಿಡುವುದು ಲೇಸೇ?

ಉತ್ತರ: ನಿಮ್ಮ ಪತ್ರದಲ್ಲಿ ಬಿಸಿಲು, ಹೊಗೆ, ಗುಡುಗು ಎಂಬ ಮೂರು ಭಯಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮೂರೂ ಒಟ್ಟಿಗೆ ಮೇಲೆ ಬಿದ್ದಂತೆ ಅನ್ನಿಸುವುದು ಸಹಜ. ಹವಾಮಾನ ವೀಕ್ಷಣೆಯಲ್ಲಿ ಮೂರು ದಶಕ ಕಳೆದವನಾಗಿ ನಾನು ಮೊದಲು ಹೇಳಬೇಕಾದದ್ದು ಇಷ್ಟೆ: ಬೆಂಗಳೂರಿನಲ್ಲಿ ಇವು ಮೂರೂ ಒಂದೇ ಹೊತ್ತಿಗೆ ಬರುವುದು ಅಪರೂಪ. ಹೊಗೆ ನಸುಕಿನದು, ಬಿಸಿಲಿನ ತಾಪ ಮಧ್ಯಾಹ್ನದ್ದು, ಗುಡುಗು ಸಂಜೆಯದು. ಆದ್ದರಿಂದ ಇಡೀ ಬೇಸಿಗೆಗೆ ಒಂದೇ ತೀರ್ಮಾನ ಹುಡುಕುವ ಬದಲು, ದಿನದ ಯಾವ ಗಂಟೆಯಲ್ಲಿ ಏನು ಮಾಡಬೇಕೆಂದು ನೋಡಿಕೊಂಡರೆ ನಿಮ್ಮ ಅರ್ಧ ಗೊಂದಲ ಕಡಿಮೆಯಾದೀತು.

ಮೊದಲು ಮುನ್ನೋಟದ ಮಾತು. ಹವಾಮಾನ ಇಲಾಖೆಯು ಮಾರ್ಚಿನಿಂದ ಮೇವರೆಗಿನ ಮುನ್ನೋಟವನ್ನು ಬೇಸಿಗೆಯ ಹೊಸ್ತಿಲಲ್ಲಿ ಪ್ರಕಟಿಸಿ, ಏಪ್ರಿಲ್ ಆರಂಭದ ಹೊತ್ತಿಗೆ ಪರಿಷ್ಕರಿಸುತ್ತದೆ. ಅದು ಸಂಭವನೀಯತೆಯ ಲೆಕ್ಕ. ಹಿಂದಿನ ಹಲವು ವರ್ಷಗಳ ಬೇಸಿಗೆಗಳನ್ನು ತಾಪಮಾನದ ಕ್ರಮದಲ್ಲಿ ಜೋಡಿಸಿ ಮೂರು ಸಮಭಾಗ ಮಾಡಿದರೆ, ಈ ವರ್ಷದ್ದು ಮೇಲಿನ ಭಾಗಕ್ಕೆ ಸೇರುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಎಂಬುದಷ್ಟೇ ‘ವಾಡಿಕೆಗಿಂತ ಹೆಚ್ಚು’ ಎನ್ನುವುದರ ಅರ್ಥ. ಮೂರು ತಿಂಗಳ ಸರಾಸರಿ ಅರ್ಧ ಡಿಗ್ರಿ ಏರಿದರೂ ಆ ಮಾತು ನಿಜವಾಗುತ್ತದೆ. ಪ್ರತಿದಿನವೂ ಸುಡುತ್ತದೆ ಎಂದಾಗಲಿ, ಮಳೆ ಬರುವುದಿಲ್ಲ ಎಂದಾಗಲಿ ಅದು ಹೇಳುವುದಿಲ್ಲ. ಅಲ್ಲದೆ ಆ ನಕಾಶೆಯಲ್ಲಿ ಬೆಂಗಳೂರು ಒಂದು ಚುಕ್ಕೆಯಷ್ಟೂ ಅಲ್ಲ. ನಿಮ್ಮ ಬಡಾವಣೆಯ ಬೇಸಿಗೆಯನ್ನು ಅದರಲ್ಲಿ ಹುಡುಕಬೇಡಿ. ನಿಮಗೆ ನಿಜವಾಗಿ ಉಪಯೋಗಕ್ಕೆ ಬರುವುದು ಐದು ದಿನಗಳ ತಾಪಮಾನ ಮುನ್ಸೂಚನೆ ಮತ್ತು ಸಂಜೆಯ ಹೊತ್ತಿಗೆ ಮುಂದಿನ ಮೂರು ಗಂಟೆಗಳಿಗಷ್ಟೇ ಕೊಡುವ ತತ್‌ಕ್ಷಣ ಮುನ್ಸೂಚನೆ.

ಇನ್ನು 40ರ ಗಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನ ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ತಾಪಮಾನ 34 ಡಿಗ್ರಿಯ ಆಸುಪಾಸಿನಲ್ಲಿದೆ. ನಗರ ವೀಕ್ಷಣಾಲಯದ ದಾಖಲೆಯಲ್ಲಿ ಅತಿ ಹೆಚ್ಚಿನದು 2016ರ ಏಪ್ರಿಲ್‌ನ 39.2 ಡಿಗ್ರಿ, 2024ರ ಏಪ್ರಿಲ್ ಕೊನೆಯಲ್ಲಿ 38.5 ತಲುಪಿತ್ತು. ಅದಕ್ಕೂ ಹಿಂದೆ, ಕಾಂಕ್ರೀಟ್ ಕಾಡು ಎಂಬ ಮಾತೇ ಹುಟ್ಟದಿದ್ದ 1931ರ ಮೇ ತಿಂಗಳಿನಲ್ಲಿ 38.9 ದಾಖಲಾಗಿತ್ತು ಎಂಬುದು ‘ಬೆಂಗಳೂರಿಗೆ ಸೆಕೆ ಬಂದದ್ದೇ ನಿನ್ನೆ ಮೊನ್ನೆ’ ಎನ್ನುವವರಿಗೆ ತಿಳಿದಿರಲಿ. 2024ರಲ್ಲಿ ನಗರದ ಕೆಲವು ಸ್ವಯಂಚಾಲಿತ ಕೇಂದ್ರಗಳು 40 ದಾಟಿದ ಅಂಕಿ ಕೊಟ್ಟದ್ದೂ ಉಂಟು. ಆದರೆ ಅಧಿಕೃತ ಉಷ್ಣಮಾಪಕವನ್ನು ಹುಲ್ಲಿನ ಮೇಲೆ, ಬಿಳಿ ಬಣ್ಣದ ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆರಳಿನಲ್ಲಿ ಇಟ್ಟಿರುತ್ತಾರೆ. ಸಿಗ್ನಲ್ಲಿನಲ್ಲಿ ನಿಂತ ಕಾರಿನ ಫಲಕ 42 ಎಂದರೆ ಅದು ಆ ಡಾಂಬರಿನ ಕಾವೇ ಹೊರತು ಊರಿನ ತಾಪಮಾನವಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಯಲು ಪ್ರದೇಶದಲ್ಲಿ ಶಾಖದ ಅಲೆ ಎಂದು ಘೋಷಿಸಬೇಕಾದರೆ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. 2016ರ ಆ ದಿನ ಬೆಂಗಳೂರು ವಾಡಿಕೆಗಿಂತ ಸುಮಾರು ಐದು ಡಿಗ್ರಿ ಮೇಲಿತ್ತು, ಆದರೆ 40 ಮುಟ್ಟಲಿಲ್ಲ. ಹಾಗಾಗಿ ‘ಶಾಖದ ಅಲೆ ಘೋಷಣೆಯಾಗಿಲ್ಲ’ ಎಂಬುದನ್ನು ಅಪಾಯವಿಲ್ಲ ಎಂದು ಓದಬಾರದು. ಕಲಬುರಗಿ, ರಾಯಚೂರಿನ ಜನರ ದೇಹ, ಮನೆ, ದಿನಚರಿ ಮೂರೂ 40ಕ್ಕೆ ಒಗ್ಗಿವೆ. ನಮ್ಮವು 33ಕ್ಕೆ ಒಗ್ಗಿವೆ. ನಿಮ್ಮ ಮಾವನವರ ವಿಷಯದಲ್ಲಿ ನಾನು ನೋಡುವ ಅಂಕಿ 37, ಅದೂ ಸತತ ಮೂರು ದಿನ, ಅದರಲ್ಲೂ ರಾತ್ರಿಯ ತಾಪಮಾನ 24ಕ್ಕಿಂತ ಕೆಳಗಿಳಿಯದಿದ್ದರೆ. ಹಗಲಿನ ಬಿಸಿಲನ್ನು ತಡೆದುಕೊಂಡ ಮುದಿ ದೇಹಕ್ಕೆ ರಾತ್ರಿಯ ವಿಶ್ರಾಂತಿ ಸಿಗದಿದ್ದಾಗ ತೊಂದರೆ ಶುರುವಾಗುತ್ತದೆ. ಅವರ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವಂಥದ್ದು ಇದೆಯೇ, ಬೇಸಿಗೆಯಲ್ಲಿ ನೀರು ಮತ್ತು ಉಪ್ಪಿನ ಪ್ರಮಾಣ ಎಷ್ಟಿರಬೇಕು ಎಂಬುದನ್ನು ಈಗಲೇ ವೈದ್ಯರ ಬಳಿ ಕೇಳಿಕೊಳ್ಳಿ. ಅದನ್ನು ನಾನು ಹೇಳುವುದು ಸರಿಯಲ್ಲ. ಮಾತು ತೊದಲಿದರೆ, ಗೊಂದಲಗೊಂಡಂತೆ ಕಂಡರೆ, ಮೈ ಕಾದು ಬೆವರು ನಿಂತರೆ ಮಾತ್ರ ಯಾರನ್ನೂ ಕೇಳುತ್ತ ಕೂರದೆ 108ಕ್ಕೆ ಕರೆ ಮಾಡಿ, ಮೈಗೆ ನೀರು ಹಾಕಿ ಗಾಳಿ ಬೀಸಿ.

ಈಗ ಹೊಗೆ. ಬಂಡೀಪುರ, ನಾಗರಹೊಳೆಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಕಿಯ ಕಾಲ ಎಂಬುದು ನಿಜ. ಎಲೆ ಉದುರಿದ ಕಾಡು, ಒಣಗಿದ ಹುಲ್ಲು, ಎದೆಯೆತ್ತರ ಬೆಳೆದ ಲಂಟಾನ. ಇವಕ್ಕೆ ಕಿಡಿ ಬೀಳುವುದು ಬಹುಪಾಲು ಮನುಷ್ಯರ ಕೈಯಿಂದಲೇ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟದ್ದು ಎಲ್ಲರಿಗೂ ನೆನಪಿದೆ, ವಾಟ್ಸ್‌ಆ್ಯಪ್ ಸಂದೇಶಗಳ ಮೂಲವೂ ಬಹುಶಃ ಆ ನೆನಪೇ. ಆದರೆ ಬಂಡೀಪುರ ನಮ್ಮಿಂದ ನೈಋತ್ಯಕ್ಕೆ, ರಸ್ತೆಯಲ್ಲಿ 200 ಕಿಲೋಮೀಟರಿಗೂ ದೂರ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಇಲ್ಲಿ ಕೆಳಮಟ್ಟದ ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸುತ್ತದೆ. ಅಂದರೆ ಆ ಹೊಗೆ ಬೆಂಗಳೂರಿಗೆ ಬೆನ್ನು ಹಾಕಿ ಕೇರಳದ ಕಡೆಗೆ ಹೋಗುತ್ತದೆ. ಗಾಳಿ ಪಶ್ಚಿಮಕ್ಕೆ ತಿರುಗುವುದು ಬೇಸಿಗೆ ಬಲಿತ ಮೇಲೆ, ಆ ಹೊತ್ತಿಗೆ ಕಾಡಿನ ನೆಲ ಒಂದೆರಡು ಮಳೆ ಕಂಡು ತೊಯ್ದಿರುತ್ತದೆ. ಅಪವಾದದ ದಿನಗಳು ಇರಬಹುದು, ಆದರೆ ಅಷ್ಟು ದೂರ ಬಂದ ಹೊಗೆ ಬಹುಮಟ್ಟಿಗೆ ವಾಸನೆ ಕಳೆದುಕೊಂಡು ದಿಗಂತದ ಮಸುಕಾಗಿ ಕಾಣುತ್ತದೆ. ಮೂಗಿಗೆ ಘಾಟು ಹೊಡೆಯುವ ಹೊಗೆ ಹತ್ತಿರದ್ದು.

ನಿಮ್ಮ ಮಟ್ಟಿಗೆ ಹತ್ತಿರ ಎಂದರೆ ಏನು? ಫೆಬ್ರವರಿ, ಮಾರ್ಚಿನಲ್ಲಿ ಬೀದಿಯ ಮರಗಳು ಎಲೆ ಉದುರಿಸುತ್ತವೆ, ಆ ರಾಶಿಗೆ ಸಂಜೆ ಯಾರೋ ಬೆಂಕಿಕಡ್ಡಿ ಗೀರುತ್ತಾರೆ. ಖಾಲಿ ನಿವೇಶನದ ಕಸ, ಅದರೊಳಗಿನ ಪ್ಲಾಸ್ಟಿಕ್ ರಾತ್ರಿಯಿಡೀ ಹೊಗೆಯಾಡುತ್ತದೆ. ನಿಮ್ಮ ದಕ್ಷಿಣಕ್ಕಿರುವ ತುರಹಳ್ಳಿ ಕಾಡಿನ ಒಣಹುಲ್ಲಿಗೆ ಬೆಂಕಿ ಬೀಳುವುದೂ ಉಂಟು. ಕೆರೆಯೇ ಹೊತ್ತಿಕೊಂಡ ಊರು ನಮ್ಮದು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯ ಬೆಂಕಿ ಆರಿಸಲು ಸೈನಿಕರು ಬರಬೇಕಾಯಿತು. ಬಯಲಲ್ಲಿ ಕಸ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಗೊತ್ತುಮಾಡಿದೆ. ಗುಡಿಸಿದ ಎಲೆಯನ್ನು ಒಯ್ಯಲು ಗಾಡಿಯೇ ಬಾರದ ಬೀದಿಯಲ್ಲಿ ಪೌರಕಾರ್ಮಿಕರ ಮೇಲೆ ರೇಗುವುದರಿಂದ ಪ್ರಯೋಜನವಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನವರು ಮೂಲೆಯಲ್ಲಿ ಒಂದು ಎಲೆಗೊಬ್ಬರದ ಗುಂಡಿ ತೋಡಿದರೆ ನಿಮ್ಮ ಕಿಟಕಿಗೆ ಬರುವ ಹೊಗೆಯ ಒಂದು ಪಾಲು ನಿಜಕ್ಕೂ ನಿಲ್ಲುತ್ತದೆ. ಉಪಗ್ರಹ ನಕಾಶೆಯಲ್ಲಿ ಕಾಡ್ಗಿಚ್ಚಿನ ಕೆಂಪು ಚುಕ್ಕೆಗಳನ್ನು ನೋಡಿ ನಿರ್ಧರಿಸಬೇಡಿ. ಬೀದಿಯ ಎಲೆರಾಶಿಯ ಬೆಂಕಿ ಉಪಗ್ರಹದ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ.

ಆ ವಾಸನೆ ನಸುಕಿನಲ್ಲೇ ಏಕೆ? ರಾತ್ರಿ ನಿರಭ್ರ ಆಕಾಶದಡಿ ನೆಲ ಬೇಗ ತಣಿಯುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ, ಅದರ ಮೇಲೆ ಬೆಚ್ಚಗಿನ ಪದರವೊಂದು ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ರಾತ್ರಿಯ ಹೊಗೆಯೆಲ್ಲ ಆ ಮುಚ್ಚಳದ ಕೆಳಗೇ ಉಳಿಯುತ್ತದೆ. ಸೂರ್ಯ ಹುಟ್ಟಿ ಎರಡು ಮೂರು ಗಂಟೆಯಾದ ಮೇಲೆ ನೆಲ ಕಾದು ಗಾಳಿ ಮೇಲೇಳತೊಡಗಿದಾಗ ಮುಚ್ಚಳ ಒಡೆಯುತ್ತದೆ, ಒಂಬತ್ತು ಒಂಬತ್ತೂವರೆಯ ಹೊತ್ತಿಗೆ ಹೊಗೆ ಚದುರುತ್ತದೆ. ‘ಬೆಳಗಿನ ಗಾಳಿ ಶುದ್ಧ’ ಎಂಬ ನಮ್ಮ ಹಿರಿಯರ ನಂಬಿಕೆ ಹಳ್ಳಿಗೆ ಸರಿ. ಒಣ ತಿಂಗಳುಗಳ ಬೆಂಗಳೂರಿಗೆ ಅದು ಬಹಳ ದಿನ ತಲೆಕೆಳಗು.

ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡುವಾಗ ಒಂದು ಎಚ್ಚರ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಗೆ (ಪಿಎಂ 2.5) ನಮ್ಮ ದೇಶದ 24 ಗಂಟೆಗಳ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ 15. ಅದೇ 60ಕ್ಕೆ ನಮ್ಮ ಸೂಚ್ಯಂಕ 100 ತೋರಿಸಿದರೆ ಅಮೆರಿಕದ ಮಾಪನ ಬಳಸುವ ಆ್ಯಪ್ 150 ದಾಟಿಸುತ್ತದೆ. ಹಾಗಾಗಿ ಒಂದೇ ಗಾಳಿಗೆ ಎರಡು ಆ್ಯಪ್‌ಗಳು ಎರಡು ಅಂಕಿ ಕೊಟ್ಟರೆ ಯಾರೂ ಸುಳ್ಳು ಹೇಳುತ್ತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್ ಒಂದನ್ನೇ ಇಟ್ಟುಕೊಳ್ಳಿ. ಆದರೆ ಉಬ್ಬಸದ ಮಗುವಿರುವ ಮನೆಯಲ್ಲಿ ನಾಲ್ಕು ಕಿಲೋಮೀಟರ್ ದೂರದ ಮಾಪನ ಕೇಂದ್ರಕ್ಕಿಂತ ನಿಮ್ಮ ಮೂಗೇ ಮೇಲು. ಮಧ್ಯಾಹ್ನದ ಬಿಸಿಲಿನಲ್ಲಿ ವಾಹನಗಳ ಹೊಗೆಯಿಂದ ಹುಟ್ಟುವ ಓಜೋನ್ ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಎನ್95 ಮುಖಗವಸಿಗೂ ಸಿಗುವುದಿಲ್ಲ. ಮಗ ಮೂರು ಗಂಟೆಗೆ ಕ್ರಿಕೆಟ್ ಆಡಿ ಕೆಮ್ಮುತ್ತ ಬಂದರೆ ಧೂಳನ್ನಷ್ಟೇ ದೂರಬೇಡಿ.

ಹಾಗಾದರೆ ಕಿಟಕಿ? ಮನೆಯ ಹೊರಗೆ ಅತಿ ತಂಪಾದ ಹೊತ್ತು ಮುಂಜಾನೆ ಐದರಿಂದ ಆರು, ಹೊಗೆ ದಟ್ಟವಾಗಿರುವುದೂ ಅದೇ ಆಸುಪಾಸಿನಲ್ಲಿ. ನಿಮ್ಮ ಇಕ್ಕಟ್ಟಿನ ಮೂಲ ಇದೇ. ವಾಸನೆಯಿಲ್ಲದ ದಿನ ರಾತ್ರಿಯಿಡೀ ಎದುರುಬದುರು ಕಿಟಕಿಗಳನ್ನು ತೆರೆದಿಡಿ. ವಾಸನೆಯಿರುವ ದಿನಗಳಲ್ಲಿ ರಾತ್ರಿ ಒಂಬತ್ತರಿಂದ ಮಲಗುವವರೆಗೆ ತೆರೆದು ಮಗನ ಕೋಣೆಯದನ್ನು ಮುಚ್ಚಿ ಫ್ಯಾನ್ ಹಾಕಿ, ಬೆಳಿಗ್ಗೆ ಒಂಬತ್ತೂವರೆಗೆ ಒಂದು ಗಂಟೆ ಎಲ್ಲವನ್ನೂ ತೆರೆದು, ಹನ್ನೊಂದಕ್ಕೆ ಬಿಸಿಲಿನ ಕಡೆಯವನ್ನು ಪರದೆ ಸಮೇತ ಮುಚ್ಚಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ, ಊದುಬತ್ತಿ ಹಚ್ಚಬೇಡಿ. ಹೊರಗಿನ ಹೊಗೆಗೆ ಹೆದರಿ ಬಾಗಿಲು ಹಾಕಿ ಒಳಗೆ ಸೊಳ್ಳೆಬತ್ತಿ ಹಚ್ಚಿದ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ಒಳಗಿನ ಗಾಳಿ ಬೀದಿಗಿಂತ ಕೆಟ್ಟಿರುತ್ತದೆ. ಏರ್ ಕೂಲರ್ ಮಾರ್ಚ್, ಏಪ್ರಿಲ್‌ನ ಒಣ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಕಿಟಕಿ ತೆರೆದಿರಬೇಕು, ಅಂದರೆ ಹೊಗೆಯನ್ನೂ ಅದೇ ಒಳಗೆ ಎಳೆಯುತ್ತದೆ. ತೊಟ್ಟಿಯಲ್ಲಿ ನಿಂತ ನೀರು ಡೆಂಗಿ ಸೊಳ್ಳೆಗೆ ತವರು. ಎಸಿ ಹಾಕಿಸುವುದಾದರೆ ಮಗ ಮತ್ತು ಮಾವ ಮಲಗುವ ಒಂದು ಕೋಣೆಗೆ ಸಾಕು, 26ರ ಮೇಲಿರಲಿ. ಆದರೆ ಗುಡುಗಿನ ಸಂಜೆ ಕರೆಂಟ್ ಹೋಗುತ್ತದೆ, ಅದೊಂದನ್ನೇ ನಂಬಿಕೊಂಡ ಮನೆಗೆ ಆ ರಾತ್ರಿ ಕಷ್ಟ.

ನನ್ನ ಮಟ್ಟಿಗೆ, ಮೇಲಂತಸ್ತಿನವರು ಮೊದಲ ಹಣವನ್ನು ತಾರಸಿಗೆ ಹಾಕಬೇಕು. ಹಗಲಿಡೀ ಕಾದ ಕಾಂಕ್ರೀಟ್ ತನ್ನ ಕಾವನ್ನು ಒಳಗೆ ಬಿಡುವುದು ಸಂಜೆ ಆರರಿಂದ ರಾತ್ರಿ ಹತ್ತರವರೆಗೆ. ಹೊರಗೆ ತಂಪಾಗಿದ್ದರೂ ನಿಮ್ಮ ಕೋಣೆ ಬೇಯುವುದು ಅದರಿಂದಲೇ. ಸುಣ್ಣವೋ ಬಿಳಿಯ ತಂಪು ಬಣ್ಣವೋ ಎರಡು ಕೋಟ್ ಬಳಿದು ಮೇಲೆ ನೆರಳುಬಲೆ ಕಟ್ಟಿದರೆ ಒಳಗೆ ಎರಡು ಮೂರು ಡಿಗ್ರಿ ಇಳಿಯುವುದನ್ನು ನಿರೀಕ್ಷಿಸಬಹುದು. ಧೂಳು ಕೂತರೆ ಬಿಳುಪಿನ ಗುಣ ಹೋಗುತ್ತದೆ, ಒದ್ದೆಯಾದರೆ ಕಾಲು ಜಾರುತ್ತದೆ, ಬಲೆಯನ್ನು ಗಟ್ಟಿಯಾಗಿ ಕಟ್ಟದಿದ್ದರೆ ಮೊದಲ ಗುಡುಗುಮಳೆಯ ಗಾಳಿಗೆ ಅದು ಪಕ್ಕದ ರಸ್ತೆಯಲ್ಲಿರುತ್ತದೆ. ಮಳೆನೀರು ಕೊಯ್ಲು ಇದ್ದರೆ ಸುಣ್ಣ ತೊಳೆದುಬರುವ ಮೊದಲ ಮಳೆಯ ನೀರನ್ನು ಚರಂಡಿಗೆ ಬಿಡಿ. ತಾರಸಿಗೆ ನೀರು ಹೊಯ್ಯುವ ಅಭ್ಯಾಸ ಮಾತ್ರ ಬೇಡ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಬೇಕಾಗಿ ಬಂದ ಊರಿದು.

ಗುಡುಗಿನ ವಿಷಯಕ್ಕೆ ಬರೋಣ. ಏಪ್ರಿಲ್‌ನಲ್ಲಿ ಸುಮಾರು 60 ಮಿಲಿಮೀಟರ್, ಮೇ ತಿಂಗಳಲ್ಲಿ ಸುಮಾರು 130 ಮಿಲಿಮೀಟರ್ ಮಳೆ ಇಲ್ಲಿನ ವಾಡಿಕೆ, ಬಹುಪಾಲು ಮಧ್ಯಾಹ್ನ ಮೂರರ ನಂತರದ ಗುಡುಗುಮಳೆಯಿಂದ. ವಿದರ್ಭ, ಮರಾಠವಾಡದ ಕಡೆಯಿಂದ ಒಳನಾಡಿನ ಮೂಲಕ ದಕ್ಷಿಣಕ್ಕೆ ಚಾಚುವ ಗಾಳಿಯ ಒಂದು ಗೆರೆಯ ಮೇಲೆ ಬಂಗಾಳ ಕೊಲ್ಲಿಯ ಮತ್ತು ಅರಬ್ಬೀ ಸಮುದ್ರದ ತೇವ ಸಂಧಿಸುತ್ತದೆ. ಹಗಲಿಡೀ ಕಾದ ಪ್ರಸ್ಥಭೂಮಿ ಆ ತೇವವನ್ನು ಮೇಲಕ್ಕೆ ನೂಕುತ್ತದೆ. ತೇವ ಬರದಿದ್ದರೆ ಎಷ್ಟು ಕಾದರೂ ಮೋಡ ಕಟ್ಟುವುದಿಲ್ಲ. ‘ಇವತ್ತು ಇಷ್ಟು ಸೆಕೆ, ಸಂಜೆಗೆ ಮಳೆ ಗ್ಯಾರಂಟಿ’ ಎಂಬ ಮಾತು ಅರ್ಧ ಮಾತ್ರ ನಿಜವಾಗುವುದು ಅದಕ್ಕೇ. 2024ರ ಇಡೀ ಏಪ್ರಿಲ್ ನಗರ ವೀಕ್ಷಣಾಲಯದಲ್ಲಿ ಅಳೆಯುವಷ್ಟು ಮಳೆ ಬೀಳದೆ ಕಳೆದುಹೋಯಿತು. ಅಶ್ವಿನಿ ಮಳೆಯೂ ಕೈಕೊಟ್ಟಿತು, ಭರಣಿಗಾಗಿ ಜನ ಮುಗಿಲು ನೋಡಿದರು. ಅದೇ ವರ್ಷದ ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಸುರಿದು, 1891ರಿಂದ ಉಳಿದಿದ್ದ ಜೂನ್ ತಿಂಗಳ ದಾಖಲೆ ಮುರಿಯಿತು.

ಒಂದು ಗುಡುಗುಮೋಡದ ಅಗಲ ಐದರಿಂದ ಹತ್ತು ಕಿಲೋಮೀಟರ್, ಆಯುಷ್ಯ ಒಂದು ಗಂಟೆಯ ಒಳಗೆ. ವೈಟ್‌ಫೀಲ್ಡ್‌ನಲ್ಲಿ ಬಿಸಿಲಿದ್ದಾಗ ನಿಮ್ಮಲ್ಲಿ ಆಲಿಕಲ್ಲು ಬೀಳಬಹುದು. ಮುನ್ಸೂಚನೆಯಲ್ಲಿ ‘ಒಂದೆರಡು ಕಡೆ’ ಎಂದಿದ್ದರೆ ಆ ಪ್ರದೇಶದ ಕೇಂದ್ರಗಳ ಪೈಕಿ ನೂರಕ್ಕೆ 25ರವರೆಗೆ ಮಳೆ ಎಂದರ್ಥ, ‘ಕೆಲವು ಕಡೆ’ ಎಂದರೆ 26ರಿಂದ 50, ‘ಹಲವು ಕಡೆ’ ಎಂದರೆ 51ರಿಂದ 75. ನಿಮ್ಮ ಬೀದಿಯಲ್ಲಿ ಬೀಳಲಿಲ್ಲವೆಂದು ಮುನ್ಸೂಚನೆ ಸುಳ್ಳಾಗುವುದಿಲ್ಲ. ಪತಿಯವರು ಹೊರಡುವ ಮುನ್ನ ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್‌ನಲ್ಲಿ ತತ್‌ಕ್ಷಣ ಮುನ್ಸೂಚನೆಯನ್ನೂ ‘ದಾಮಿನಿ’ ಆ್ಯಪ್‌ನಲ್ಲಿ ಸಿಡಿಲಿನ ಸೂಚನೆಯನ್ನೂ ನೋಡುವ ರೂಢಿ ಮಾಡಿಕೊಳ್ಳಲಿ. ದಾರಿಯಲ್ಲಿ ಸೆಕೆ ಒಮ್ಮೆಲೇ ಮಾಯವಾಗಿ ಧೂಳೆಬ್ಬಿಸುವ ತಣ್ಣನೆಯ ಗಾಳಿ ಎದುರಾದರೆ ಕೆಲವೇ ನಿಮಿಷಗಳ ಸಮಯವಿದೆ ಎಂದು ತಿಳಿಯಬೇಕು. ನಮ್ಮ ಬೇಸಿಗೆಯ ಗುಡುಗಿನಲ್ಲಿ ಮಳೆಗಿಂತ ಮೊದಲು ಬರುವ ಆ ಗಾಳಿಯೇ ಮರ ಉರುಳಿಸುವುದು. ಮರದಡಿ, ಜಾಹೀರಾತು ಫಲಕದಡಿ, ಮೇಲ್ಸೇತುವೆಯ ಕೆಳಗಿನ ರಸ್ತೆಯಂಚಿನಲ್ಲಿ ನಿಲ್ಲದೆ ಯಾವುದಾದರೂ ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡ್ ಎಂದರೆ ಒಂದು ಕಿಲೋಮೀಟರ್. 30 ಸೆಕೆಂಡಿಗಿಂತ ಕಡಿಮೆಯಾದರೆ ಒಳಗಿರಬೇಕು, ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಕಾಯಬೇಕು. ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎಂಬುದು ಸುಳ್ಳು. ನೀರು ನಿಂತ ಅಂಡರ್‌ಪಾಸಿಗೆ ಇಳಿಯುವುದು ಮಾತ್ರ ಎಂದಿಗೂ ಬೇಡ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದಲ್ಲಿ ಒಂದು ಜೀವ ಹೋದದ್ದು ಹಾಗೆಯೇ. ಕಿತ್ತಳೆ ಎಚ್ಚರಿಕೆ ಇರುವ ದಿನ ಸ್ಕೂಟರನ್ನು ಮನೆಯಲ್ಲೇ ಬಿಟ್ಟರೆ ಇನ್ನೂ ಒಳ್ಳೆಯದು, ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡ್‌ನಿಂದ ನಿಮ್ಮ ರಾಜರಾಜೇಶ್ವರಿ ನಗರಕ್ಕೇ ಬರುತ್ತದೆ.

ದಾವಣಗೆರೆಗೆ ಹೋಗುವ ವಿಚಾರ. ಅದು ಸುಮಾರು 600 ಮೀಟರ್ ಎತ್ತರದ ಊರು, ಏಪ್ರಿಲ್‌ನಲ್ಲಿ ಬೆಂಗಳೂರಿಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚೇ ಬಿಸಿ. ತಂಪಿಗಾಗಿ ಹೋಗುವುದಾದರೆ ಅರ್ಥವಿಲ್ಲ. ನಿಮ್ಮ ತವರುಮನೆ ನೆಲಮಹಡಿಯದಾಗಿದ್ದು, ಸುತ್ತ ಮರಗಳಿದ್ದು, ಅಕ್ಕಪಕ್ಕ ಕಸ ಸುಡುವವರಿಲ್ಲದಿದ್ದರೆ ಮಗನ ಉಸಿರಾಟಕ್ಕೆ ಅನುಕೂಲವಾಗಬಹುದು. ಅಜ್ಜಿಯ ಮನೆಗೆ ಹೋಗುವ ಸಂತೋಷಕ್ಕಂತೂ ನನ್ನ ಅಭ್ಯಂತರವಿಲ್ಲ. ಹೋಗುವುದಾದರೆ ಮಾರ್ಚ್ ಕೊನೆಯಲ್ಲಿ ಅಥವಾ ಏಪ್ರಿಲ್ ಮೊದಲಲ್ಲಿ, ಅಂದರೆ ಇಲ್ಲಿ ಹೊಗೆ ಹೆಚ್ಚಿರುವಾಗ ಹೋಗಿ, ಮೇ ಹೊತ್ತಿಗೆ ಮರಳಿ ಬನ್ನಿ. ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಎರಡೂ ಊರಿನಲ್ಲಿ ಕೈಗೆಟುಕುವಂತಿರಲಿ.

ಉಳಿದದ್ದು ಮಾವನವರ ವಾಕಿಂಗ್. ಬಿಡಿ ಎಂದರೆ ಅವರು ಬಿಡುವುದಿಲ್ಲ ಎಂದು ನೀವೇ ಬರೆದಿದ್ದೀರಿ, ಬಿಡುವುದು ಬೇಕಾಗಿಯೂ ಇಲ್ಲ. ಬಾಗಿಲು ತೆರೆದಾಗ ಸುಟ್ಟ ವಾಸನೆ ಬಂದರೆ ಆ ದಿನ ಬೆಳಗಿನದನ್ನು ಕೈಬಿಟ್ಟು, ಮೋಡವಿಲ್ಲದಿದ್ದರೆ ಸಂಜೆ ಐದೂವರೆಯ ನಂತರ ಹೋಗಲಿ. ಆ ಹೊತ್ತಿಗೆ ಬಿಸಿಲು ಇಳಿದಿರುತ್ತದೆ, ಗಾಳಿ ಇನ್ನೂ ಚೆನ್ನಾಗಿ ಬೆರೆತಿರುತ್ತದೆ. ಸಂಜೆ ಮೋಡ ಕವಿದು ಒಳ್ಳೆಯ ಮಳೆಯಾಯಿತೆಂದರೆ ಮರುದಿನ ಬೆಳಗಿನ ಐದೂವರೆಗೆ ಅವರನ್ನು ಯಾರೂ ತಡೆಯಬೇಕಾಗಿಲ್ಲ, ಮಳೆ ತೊಳೆದ ಆ ಗಾಳಿಗೆ ಮಗನನ್ನೂ ಜೊತೆಗೆ ಕಳಿಸಿ.